ನೀರು ಬದಲಿಸಿದರೂ ಹವಳ ಅರಳುತ್ತಿಲ್ಲವೇ? ಮಂಗಳೂರು–ಉಡುಪಿಯ ರೀಫ್ ಟ್ಯಾಂಕ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಅಕ್ವೇರಿಯಂ, ಇಟ್ಟವರೆಲ್ಲ ಮೊದಲು ಕೇಳುವುದು ಇದನ್ನೇ: ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕು? ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೀನು ಮಿತವಾಗಿದ್ದು ಹವಳಗಳೂ ಇರುವ ಟ್ಯಾಂಕ್‌ಗೆ ವಾರಕ್ಕೊಮ್ಮೆ ಶೇ. 10, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಶೇ. 20. ಎರಡರ ಪರಿಣಾಮ ಹೆಚ್ಚುಕಡಿಮೆ ಒಂದೇ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಲೆಕ್ಕಕ್ಕೆ 255 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 200 ಲೀಟರ್ ಇರುತ್ತದೆ. ಅಂದರೆ ವಾರಕ್ಕೆ ಒಂದು 20 ಲೀಟರಿನ ಕ್ಯಾನ್.

ತೊಂದರೆ ಶುರುವಾಗುವುದು ಇದನ್ನು ತಪ್ಪದೆ ಪಾಲಿಸಿದ ಮೇಲೆ. ಪ್ರತಿ ಭಾನುವಾರ ಕ್ಯಾನ್ ಹೊತ್ತು ನೀರು ಹಾಕಿದರೂ ನೈಟ್ರೇಟ್ (ಆಹಾರ, ಕಸ ಕೊಳೆತು ನೀರಿಗೆ ಸೇರುವ ಅಂಶ) ಇಳಿಯುವುದಿಲ್ಲ. ನೀರು ಹಾಕಿದ ಮಾರನೇ ದಿನ ಹವಳ ಮುದುಡಿಕೊಳ್ಳುತ್ತದೆ. ಗಾಜಿನ ಮೇಲೆ ಕಂದು ಪಾಚಿ ಹೋದಂತೆ ಹೋಗಿ ಮತ್ತೆ ಬರುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಇನ್ನೂ ಜಾಸ್ತಿ ನೀರು ಬದಲಿಸುವುದು. ಎಷ್ಟೋ ಸಲ ಟ್ಯಾಂಕ್ ಹಾಳಾಗುವುದು ಅಲ್ಲಿಂದಲೇ. ನೀರು ಬದಲಾವಣೆ ಕೆಲವು ದೋಷಗಳಿಗೆ ಮದ್ದು, ಕೆಲವಕ್ಕೆ ಅದರಿಂದ ಏನೂ ಆಗುವುದಿಲ್ಲ, ಕೆಲವು ದೋಷಗಳು ಆ ಹೊಸ ನೀರಿನ ಜೊತೆಗೇ ಮನೆಗೆ ಬಂದಿರುತ್ತವೆ. ನಿಮ್ಮದು ಯಾವುದು ಅಂತ ಗೊತ್ತಾದರೆ ಎಷ್ಟು ದಿನಕ್ಕೊಮ್ಮೆ ಎನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಮೊದಲು ಅಳೆಯುವ ಸಾಧನವನ್ನೇ ಪರೀಕ್ಷಿಸಿ

ಉಪ್ಪಿನಂಶ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ) ಇರಬೇಕು. ಸಾಂದ್ರತೆಯ ಲೆಕ್ಕದಲ್ಲಿ ಸುಮಾರು 1.026. ಇದನ್ನು ತೋರಿಸುವ ರಿಫ್ರ್ಯಾಕ್ಟೋಮೀಟರನ್ನು ಬಹಳಷ್ಟು ಜನ ಆರ್‌ಓ ನೀರು ಹಾಕಿ ಸೊನ್ನೆಗೆ ಹೊಂದಿಸಿ ಬಿಟ್ಟುಬಿಡುತ್ತಾರೆ. ಸೊನ್ನೆಯಲ್ಲಿ ಸರಿ ಇದ್ದ ಸಾಧನ 35ರಲ್ಲೂ ಸರಿ ಇರುತ್ತದೆ ಎಂದೇನಿಲ್ಲ. ಎರಡು ಮೂರು ಪಿಪಿಟಿ ವ್ಯತ್ಯಾಸ ಸಲೀಸಾಗಿ ಬರುತ್ತದೆ.

35ರ ದ್ರಾವಣ ಅಂಗಡಿಯಲ್ಲಿ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. 36.5 ಗ್ರಾಂ ಅಡುಗೆ ಉಪ್ಪನ್ನು 963.5 ಗ್ರಾಂ ಆರ್‌ಓ ನೀರಿನಲ್ಲಿ ಪೂರ್ತಿ ಕರಗಿಸಿ. ನೀರನ್ನೂ ತೂಕ ಮಾಡಿಯೇ ತೆಗೆದುಕೊಳ್ಳಿ. ಈ ದ್ರಾವಣ ರಿಫ್ರ್ಯಾಕ್ಟೋಮೀಟರಿನಲ್ಲಿ 35 ಪಿಪಿಟಿ ಸಮುದ್ರದ ನೀರಿನಷ್ಟೇ ತೋರಿಸುತ್ತದೆ. ತೂಕಕ್ಕೆ ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಬೇಕು. ನಮ್ಮ ಕಡೆ ಜುಲೈ ತಿಂಗಳಲ್ಲಿ ಡಬ್ಬದ ಉಪ್ಪು ನೀರೂರಿ ಒದ್ದೆಯಾಗಿರುತ್ತದೆ ಅಲ್ವಾ, ಅದನ್ನೇ ತೂಗಿದರೆ ಲೆಕ್ಕ ತಪ್ಪುತ್ತದೆ. ಬಾಣಲೆಯಲ್ಲಿ ಬಿಸಿ ಮಾಡಿ, ತಣಿಸಿ, ತಕ್ಷಣ ತೂಗಿ. ಈ ದ್ರಾವಣ ಸಾಧನ ಹೊಂದಿಸಲು ಮಾತ್ರ. ಟ್ಯಾಂಕ್‌ಗೆ ಹಾಕುವಂತಿಲ್ಲ.

ಪರೀಕ್ಷೆಯ ಕಿಟ್‌ಗಳನ್ನೂ ನೋಡಿಕೊಳ್ಳಿ. ಏಪ್ರಿಲ್ ಸೆಕೆಯಲ್ಲಿ ಟ್ಯಾಂಕ್ ಕೆಳಗಿನ ಕಪಾಟಿನಲ್ಲಿ ಇಟ್ಟ ರಾಸಾಯನಿಕ ಅವಧಿಗೆ ಮೊದಲೇ ಕೆಡಬಹುದು. ದ್ರವ ರೂಪದ ನೈಟ್ರೇಟ್ ಕಿಟ್‌ಗಳಲ್ಲಿ ಎರಡನೇ ಬಾಟಲಿಯ ಪುಡಿ ತಳದಲ್ಲಿ ಕೂತಿರುತ್ತದೆ. ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸದಿದ್ದರೆ ನೈಟ್ರೇಟ್ ಇದ್ದರೂ ಕಡಿಮೆ ತೋರಿಸುತ್ತದೆ. ಬಣ್ಣ ಹೋಲಿಸುವಾಗ ಕಿಟಕಿಯ ಹಗಲು ಬೆಳಕಿಗೆ ಬನ್ನಿ. ಟ್ಯಾಂಕ್‌ನ ನೀಲಿ ಲೈಟ್ ಕೆಳಗೆ ಯಾವ ಬಣ್ಣವೂ ಸರಿಯಾಗಿ ಕಾಣುವುದಿಲ್ಲ.

ಮೂರು ಸಲ ಅಳೆಯಿರಿ, ಕ್ಯಾನ್‌ನ ನೀರನ್ನೂ ಅಳೆಯಿರಿ

ಇಡೀ ಕೈಪಿಡಿಯಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ನೀರು ಬದಲಿಸುವ ಮುಂಚೆ ಒಮ್ಮೆ, ಬದಲಿಸಿ ಒಂದು ಗಂಟೆಯಾದ ಮೇಲೆ ಒಮ್ಮೆ, ಎರಡು ದಿನ ಕಳೆದು ಅದೇ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಉಪ್ಪಿನಂಶ, ಉಷ್ಣತೆ, ನೈಟ್ರೇಟ್, ಫಾಸ್ಫೇಟ್, ಆಲ್ಕಲಿನಿಟಿ (ನೀರಿನಲ್ಲಿ ಕರಗಿರುವ ಕಾರ್ಬೊನೇಟ್‌ಗಳ ಅಳತೆ) ಈ ಐದು ಸಾಕು. ಇದರ ಜೊತೆಗೆ ಹಾಕಲಿರುವ ಹೊಸ ನೀರನ್ನೂ ಹಾಕುವ ಮೊದಲೇ ಪರೀಕ್ಷಿಸಿ. ಟ್ಯಾಂಕ್ ನೀರನ್ನು ಹತ್ತು ಸಲ ಅಳೆಯುವವರೂ ಕ್ಯಾನ್‌ನ ನೀರನ್ನು ಒಮ್ಮೆಯೂ ಅಳೆದಿರುವುದಿಲ್ಲ.

ಶೇ. 10 ಬದಲಿಸಿದರೆ 40 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 40 ಭಾಗ) ಇದ್ದ ನೈಟ್ರೇಟ್ 36ಕ್ಕೆ ಇಳಿಯುತ್ತದೆ, ಅಷ್ಟೇ. ಉಪ್ಪು ಜಾಸ್ತಿಯಾದ ಸಾರಿನಿಂದ ಒಂದು ಸೌಟು ತೆಗೆದು ಒಂದು ಸೌಟು ನೀರು ಹಾಕಿದ ಹಾಗೆ. ಬಣ್ಣದ ಕಿಟ್‌ನಲ್ಲಿ 40ಕ್ಕೂ 36ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ "ನೀರು ಬದಲಿಸಿದೆ, ಏನೂ ಆಗಲಿಲ್ಲ" ಎನ್ನುವುದರಲ್ಲಿ ದೋಷವೇ ಇಲ್ಲದಿರಬಹುದು. ಒಂದು ಗಂಟೆಯ ನಂತರ 20 ತೋರಿಸಿದರೆ ಎರಡರಲ್ಲಿ ಒಂದು ಅಳತೆ ತಪ್ಪು. 40ಕ್ಕಿಂತ ಮೇಲೆ ತೋರಿಸಿದರೆ ಕ್ಯಾನ್‌ನ ನೀರಿನಲ್ಲೇ ನೈಟ್ರೇಟ್ ಉಂಟು. 36ಕ್ಕೆ ಇಳಿದು ಎರಡೇ ದಿನಕ್ಕೆ ಮತ್ತೆ 40 ಆದರೆ ಟ್ಯಾಂಕ್ ಒಳಗೇ ಎಲ್ಲೋ ಏನೋ ಕೊಳೆಯುತ್ತಿದೆ.

ನೈಟ್ರೇಟ್ ಇಳಿಯುತ್ತಿಲ್ಲ

ಒಂದು ವಾರ ನೀರು ಬದಲಿಸದೆ ಬಿಡಿ. ಆ ವಾರದಲ್ಲಿ ನೈಟ್ರೇಟ್ ಎಷ್ಟು ಏರಿತು ನೋಡಿ. ಅದನ್ನು ನೀವು ವಾರಕ್ಕೆ ಬದಲಿಸುವ ಪಾಲಿನಿಂದ ಭಾಗಿಸಿ. ಕೊನೆಗೆ ನೈಟ್ರೇಟ್ ಹೋಗಿ ನಿಲ್ಲುವುದು ಆ ಸಂಖ್ಯೆಯಲ್ಲಿ. ವಾರಕ್ಕೆ 5 ಪಿಪಿಎಂ ಏರುತ್ತಿದ್ದು ನೀವು ಶೇ. 10 ಬದಲಿಸಿದರೆ, 5 ಭಾಗಿಸು 0.1, ಅಂದರೆ 50. ವರ್ಷವಿಡೀ ತಪ್ಪದೆ ನೀರು ಬದಲಿಸಿದರೂ 50ರ ಹತ್ತಿರವೇ ಇರುತ್ತದೆ. ಶೇ. 20 ಬದಲಿಸಿದರೆ 25. ಅದೇ ಏರಿಕೆಯನ್ನು ವಾರಕ್ಕೆ 2ಕ್ಕೆ ಇಳಿಸಿದರೆ ಶೇ. 10ರಲ್ಲೇ 20ಕ್ಕೆ ಬಂದು ನಿಲ್ಲುತ್ತದೆ. ಕ್ಯಾನ್ ಜಾಸ್ತಿ ಹೊರುವುದಕ್ಕಿಂತ ಏರಿಕೆ ತಗ್ಗಿಸುವುದು ಎಷ್ಟು ಲಾಭ ಎಂದು ಈ ಒಂದು ಭಾಗಾಕಾರದಲ್ಲೇ ಕಾಣುತ್ತದೆ.

ಏರಿಕೆ ಎಲ್ಲಿಂದ ಬರುತ್ತದೆ? ಮೊದಲು ಆಹಾರ ನೋಡಿ. ಮೀನು ಮಾರ್ಕೆಟ್ ಹತ್ತಿರ ಇರುವ ನಮ್ಮಂಥವರಿಗೆ ಸಿಗಡಿ, ಬಂಗುಡೆ, ಬೂತಾಯಿ ತುಂಡು ಮಾಡಿ ಹಾಕುವ ಆಸೆ ಸಹಜ. ಸಿಗಡಿ, ಮರುವಾಯಿ ತಾಜಾ ಇದ್ದರೆ ತೊಂದರೆ ಇಲ್ಲ, ಆದರೆ ಚೆನ್ನಾಗಿ ತೊಳೆದು, ನೀರು ಬಸಿದು, ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಬಂಗುಡೆ, ಬೂತಾಯಿ ಬೇಡವೇ ಬೇಡ. ಎಣ್ಣೆ ಜಾಸ್ತಿ. ನೀರಿನ ಮೇಲೆ ಪೊರೆ ಕಟ್ಟುತ್ತದೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರದ ನೊರೆ ಕೂಡಲೇ ಬಿದ್ದುಹೋಗುತ್ತದೆ.

ಆಮೇಲೆ ಸಂಪ್‌ಗೆ, ಅಂದರೆ ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿಗೆ ಬನ್ನಿ. ಫಿಲ್ಟರ್ ಸಾಕ್ಸ್ ಅಥವಾ ಸ್ಪಂಜನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆಯದಿದ್ದರೆ ಅದರಲ್ಲಿ ಕೂತ ಕಸ ಅಲ್ಲೇ ಕೊಳೆತು ನೈಟ್ರೇಟ್ ಆಗುತ್ತದೆ. ಸಂಪ್‌ನ ತಳದಲ್ಲಿ, ಕಲ್ಲುಗಳ ಹಿಂದೆ ಬೂದು ಬಣ್ಣದ ಹೊಟ್ಟು ಕೂತಿರುತ್ತದೆ. ನೀರು ತೆಗೆಯುವಾಗ ಮೇಲಿನ ತಿಳಿ ನೀರು ತೆಗೆದರೆ ಪ್ರಯೋಜನ ಕಡಿಮೆ. ಪೈಪನ್ನು ಈ ಹೊಟ್ಟಿನ ಮೇಲೆ ಆಡಿಸಿ, ಅದೇ 20 ಲೀಟರ್ ಅಲ್ಲಿಂದ ತೆಗೆಯಿರಿ. ಹಳೆಯ, ದಪ್ಪ ಮರಳಿನ ಹಾಸು ಇದ್ದರೆ ಒಂದೇ ಸಲ ಪೂರ್ತಿ ಕೆದಕಬೇಡಿ. ವಾರಕ್ಕೊಂದು ಮೂಲೆ ಸಾಕು. ಕೊನೆಗೆ ತಲೆ ಎಣಿಸಿ: ಒಂದು ಮೀನು ಕಾಣುತ್ತಿಲ್ಲವೇ, ಬಸವನಹುಳುವಿನ ಚಿಪ್ಪು ಖಾಲಿಯೇ?

ಇಷ್ಟು ಹೇಳಿದ ಮೇಲೆ ಒಂದು ಮಾತು. ಸೊನ್ನೆ ನೈಟ್ರೇಟ್ ಗುರಿಯಲ್ಲ. 2ರಿಂದ 10ರೊಳಗೆ ಇದ್ದರೆ ಒಳ್ಳೆಯದು. ಲೆದರ್, ಮಶ್ರೂಮ್, ಜೋಆಂಥಿಡ್‌ನಂಥ ಮೆತ್ತನೆಯ ಹವಳಗಳು 20 ಇದ್ದರೂ ಸುಖವಾಗಿರುತ್ತವೆ.

ಫಾಸ್ಫೇಟ್ ಇಳಿದು ಮತ್ತೆ ಅಲ್ಲಿಗೇ ಬರುತ್ತದೆ

ಇದು ಕಲ್ಲಿನ ಕೆಲಸ. ಫಾಸ್ಫೇಟ್ ಲೈವ್ ರಾಕ್ (ಟ್ಯಾಂಕ್ ಒಳಗಿನ ಜೀವಾಣು ತುಂಬಿದ ಕಲ್ಲು) ಮತ್ತು ಮರಳಿಗೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಕಡಿಮೆಯಾದ ಕೂಡಲೇ ಕಲ್ಲು ಬಿಟ್ಟುಕೊಡುತ್ತದೆ. ಗಂಟೆಯ ನಂತರದ ಅಳತೆಯಲ್ಲಿ ಇಳಿದು, ಎರಡನೇ ದಿನ ಮೊದಲಿನಷ್ಟೇ ತೋರಿಸಿದರೆ ಇದೇ ಕಾರಣ. ಎಷ್ಟು ನೀರು ಬದಲಿಸಿದರೂ ಸಾಲುವುದಿಲ್ಲ. ಕಬ್ಬಿಣದ ಆಕ್ಸೈಡ್ ಇರುವ ಫಾಸ್ಫೇಟ್ ಹೀರುವ ಹರಳುಗಳನ್ನು ಹೇಳಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ವಾರಗಟ್ಟಲೆ ನಿಧಾನವಾಗಿ ಇಳಿಸಿ. 0.03ರಿಂದ 0.1 ಪಿಪಿಎಂ ಒಳಗೆ ಬಂದರೆ ಸಾಕು. ಒಮ್ಮೆಗೇ ಇಳಿಸಿದರೆ ಹವಳದ ತುದಿಯಿಂದ ಚರ್ಮ ಬಿಡಲು ಶುರುವಾಗುತ್ತದೆ.

ಆಲ್ಕಲಿನಿಟಿ ದಿನದಿನಕ್ಕೆ ಕುಸಿಯುತ್ತಿದೆ

ಗಟ್ಟಿ ಹವಳಗಳು ಎಲುಬು ಕಟ್ಟಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಳೆದುಕೊಳ್ಳುತ್ತವೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ಆಲ್ಕಲಿನಿಟಿ ಅಳೆಯಿರಿ, ನಾಳೆಯೂ ಹತ್ತಕ್ಕೇ ಅಳೆಯಿರಿ. ಟ್ಯಾಂಕ್ ದಿನಕ್ಕೆ 1 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ) ತಿನ್ನುತ್ತಿದೆ ಎಂದುಕೊಳ್ಳಿ. ನೀರು ಈಗ 6.5ರಲ್ಲಿದೆ, ಹೊಸ ನೀರು 8.5. ಶೇ. 10 ಬದಲಿಸಿದರೆ 0.2 ಮಾತ್ರ ಏರುತ್ತದೆ. ಅಷ್ಟನ್ನು ಹವಳ ಐದು ಗಂಟೆಯೊಳಗೆ ಮುಗಿಸಿಬಿಡುತ್ತದೆ. ಪ್ರತಿದಿನ ನೀರು ಬದಲಿಸಿದರೂ ಇದನ್ನು ಹಿಡಿಯಲಾಗದು.

ಇಲ್ಲಿ ಬೇಕಾದದ್ದು ಡೋಸಿಂಗ್, ಅಂದರೆ ಖರ್ಚಾದಷ್ಟನ್ನು ಅಳೆದು ಸೇರಿಸುವುದು. ಅಡುಗೆ ಸೋಡಾ, ಅಂದರೆ ಶುದ್ಧ ಸೋಡಿಯಂ ಬೈಕಾರ್ಬೊನೇಟ್, 6 ಗ್ರಾಂ ತೆಗೆದುಕೊಂಡರೆ 200 ಲೀಟರ್ ನೀರಿನ ಆಲ್ಕಲಿನಿಟಿ 1 ಡಿಕೆಎಚ್ ಏರುತ್ತದೆ. ಆರ್‌ಓ ನೀರಿನಲ್ಲಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ನಿಧಾನಕ್ಕೆ ಹೊಯ್ಯಿರಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬಾರದು. ಒಂದು ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ. ಪ್ರತಿ 1 ಡಿಕೆಎಚ್ ಜೊತೆಗೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಖರ್ಚಾಗುವುದರಿಂದ ಅದನ್ನೂ ಬೇರೆಯಾಗಿ ತುಂಬಬೇಕು. ಆಲ್ಕಲಿನಿಟಿ 7ರಿಂದ 9, ಕ್ಯಾಲ್ಸಿಯಂ 400ರಿಂದ 450, ಮೆಗ್ನೀಷಿಯಂ 1300ರ ಆಸುಪಾಸು ಇರಲಿ. ಸುಣ್ಣದ ನೀರಿನ ಡೋಸಿಂಗ್ ಕೇಳಿದವರು ಎಲೆಯಡಿಕೆ ತಟ್ಟೆಯ ಚಿಪ್ಪು ಸುಣ್ಣ ನೋಡಿ ಯೋಚಿಸುವುದುಂಟು. ಅದರ ಶುದ್ಧತೆಗೆ ಖಾತ್ರಿ ಇಲ್ಲ. ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತರಿಸಿಕೊಳ್ಳಿ.

ನೀರು ಬದಲಿಸಿದ ಮೇಲೆಯೇ ಹವಳ ಮುದುಡುತ್ತದೆ

ಒಂದೆರಡು ಗಂಟೆ ಮುದುಡಿದರೆ ಗಾಬರಿ ಬೇಡ. ಮಾರನೇ ದಿನವೂ ಅರಳದಿದ್ದರೆ ಅಪರಾಧಿ ಹೊಸ ನೀರು. ನಮ್ಮ ಊರುಗಳಲ್ಲಿ ಇದಕ್ಕೆ ಕಾರಣ ಬೇರೆ ಬೇರೆ ಕಡೆಯಿಂದ ಬರುವುದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಬಾವಿ ನೀರು. ಮುರಕಲ್ಲಿನ ಬಾವಿಯ ನೀರು ಕುಡಿಯಲು ಸಿಹಿ, ಟಿಡಿಎಸ್ (ನೀರಿನಲ್ಲಿ ಕರಗಿದ ಪದಾರ್ಥಗಳ ಮೊತ್ತ) ಮೀಟರ್ ಹಾಕಿದರೆ ಸಂಖ್ಯೆಯೂ ಕಡಿಮೆ. ಹಾಗಾಗಿ ನೇರ ಉಪ್ಪು ಕಲಸಿ ಹಾಕುವವರಿದ್ದಾರೆ. ಆದರೆ ಆ ಸಣ್ಣ ಸಂಖ್ಯೆಯಲ್ಲಿ ಏನೇನಿದೆ ಎಂದು ಮೀಟರ್ ಹೇಳುವುದಿಲ್ಲ. ಕಬ್ಬಿಣ ಇರಬಹುದು, ಸಿಲಿಕೇಟ್ ಇರಬಹುದು, ಪಕ್ಕದ ತೋಟಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಇರಬಹುದು. ಮುರಕಲ್ಲಿನ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ರಾತ್ರಿಯಿಡೀ ಹಿತ್ತಾಳೆಯ ನಲ್ಲಿ, ತಾಮ್ರದ ಪೈಪಿನಲ್ಲಿ ನಿಂತರೆ ಅದರಿಂದ ತಾಮ್ರ ಕರಗಿಸಿಕೊಳ್ಳುತ್ತದೆ. ತಾಮ್ರ ಹವಳ, ಸಿಗಡಿ, ಬಸವನಹುಳುಗಳಿಗೆ ವಿಷ. ಅದೇ ಕಾರಣಕ್ಕೆ ಹಳೆ ಮನೆಯ ತಾಮ್ರದ ಹಂಡೆ, ಕೊಡಪಾನ ಯಾವುದೂ ಈ ಕೆಲಸಕ್ಕೆ ಬೇಡ. ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು.

ಅಡುಗೆಮನೆಯ ಆರ್‌ಓ. ಇದು ಬಹಳ ಜನರಿಗೆ ಗೊತ್ತಿಲ್ಲ. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುವ ತಿರುಪು ಇರುತ್ತದೆ, ಕೆಲವದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಈಗೀಗ ಬರುವ ಹಲವು ಯಂತ್ರಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರದ ಕಾರ್ಟ್ರಿಜ್ಜೇ ಇರುತ್ತದೆ. ಮನುಷ್ಯರಿಗೆ ಸರಿ, ರೀಫ್‌ಗೆ ಅಲ್ಲ. ಯಂತ್ರದ ಮುಚ್ಚಳ ತೆಗೆದು ನೋಡಿ. ಮೆಂಬ್ರೇನ್‌ನಿಂದ ಹೊರಬರುವ ಪೈಪಿಗೇ ಒಂದು ಟಿ ಜೋಡಿಸಿ, ಅಲ್ಲಿಂದ, ಉಳಿದ ಲವಣ ಹಿಡಿಯುವ ಡಿಐ ರೆಸಿನ್ ಮೂಲಕ ನೀರು ಹಿಡಿದರೆ ಟಿಡಿಎಸ್ ಸೊನ್ನೆಗೆ ಬರುತ್ತದೆ. ಸೊನ್ನೆ ಅಂದರೆ ಸೊನ್ನೆಯೇ ಬರಬೇಕು. ಒಂದೋ ಎರಡೋ ಏರಿದರೆ ರೆಸಿನ್ ಮುಗಿಯುತ್ತಾ ಬಂದಿದೆ. ರೆಸಿನ್ ಮುಗಿಯುವಾಗ ಹಿಡಿದಿಟ್ಟಿದ್ದ ಸಿಲಿಕೇಟನ್ನು ಮೊದಲು ಬಿಡುತ್ತದೆ, ಗಾಜಿನ ಮೇಲೆ ಕಂದು ಧೂಳಿನಂತೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಬರುವುದು ಅದರಿಂದ.

ನಗರದ ನಲ್ಲಿ ನೀರು. ಮಂಗಳೂರಿಗೆ ತುಂಬೆಯಿಂದ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಸ್ವರ್ಣಾ ನೀರು. ಎರಡಕ್ಕೂ ಕ್ಲೋರಿನ್ ಹಾಕಿಯೇ ಬಿಡುತ್ತಾರೆ, ಹಾಕಲೇಬೇಕು. ನಿಮ್ಮ ಯಂತ್ರದ ಕಾರ್ಬನ್ ಫಿಲ್ಟರ್ ಹಳೆಯದಾದರೆ ಕ್ಲೋರಿನ್ ದಾಟಿ ಹೋಗಿ ಮೆಂಬ್ರೇನನ್ನು ಹಾಳು ಮಾಡುತ್ತದೆ. ಜೂನ್ ನಂತರ ನದಿ ಕೆಂಪಾಗಿ ಹರಿಯುವಾಗ ಮೊದಲ ಸೆಡಿಮೆಂಟ್ ಫಿಲ್ಟರ್ ಬೇಸಿಗೆಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದನ್ನು ಕ್ಯಾಲೆಂಡರ್ ನೋಡಿ ಬದಲಿಸಬೇಡಿ, ಬಣ್ಣ ನೋಡಿ ಬದಲಿಸಿ.

ಉಪ್ಪು. ಮಳೆಗಾಲದ ಗಾಳಿಗೆ ತೆರೆದಿಟ್ಟ ರೀಫ್ ಉಪ್ಪು ಕಲ್ಲಾಗುತ್ತದೆ. ತೇವ ಹಿಡಿದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಅಲ್ಲೇ ಸೇರಿಕೊಂಡು ಗಟ್ಟಿಯಾಗುತ್ತವೆ, ನೀರಿಗೆ ಹಾಕಿದಾಗ ಬಿಳಿ ಪುಡಿ ತಳದಲ್ಲಿ ಉಳಿಯುತ್ತದೆ. ಆ ನೀರಿನ ಆಲ್ಕಲಿನಿಟಿ ಅಳೆದರೆ ಚೀಲದ ಮೇಲೆ ಬರೆದದ್ದಕ್ಕಿಂತ ಕಡಿಮೆ ಬರುತ್ತದೆ. ಚೀಲ ಒಡೆದ ದಿನವೇ ಬಿಗಿ ಮುಚ್ಚಳದ ಡಬ್ಬಗಳಿಗೆ ತುಂಬಿಡಿ. ಕಲಸುವಾಗ ಯಾವಾಗಲೂ ನೀರಿಗೆ ಉಪ್ಪು ಹಾಕಿ. ಉಪ್ಪಿನ ಮೇಲೆ ನೀರು ಹೊಯ್ದರೆ ಹೊಸ ಉಪ್ಪಿನಲ್ಲೂ ಅದೇ ಬಿಳಿ ಪುಡಿ ಕೂರುತ್ತದೆ. ಸಣ್ಣ ಪಂಪ್ ಇಟ್ಟು ನೀರು ಪೂರ್ತಿ ತಿಳಿಯಾಗುವವರೆಗೆ, ಕೆಲವು ಗಂಟೆಯಾದರೂ ಆಡಿಸಿ. ಹಾಕುವ ಮುಂಚೆ ಉಪ್ಪಿನಂಶ ಟ್ಯಾಂಕ್‌ಗಿಂತ 1 ಪಿಪಿಟಿಯೊಳಗೆ, ಆಲ್ಕಲಿನಿಟಿ 1 ಡಿಕೆಎಚ್ ಒಳಗೆ, ಉಷ್ಣತೆ ಒಂದು ಡಿಗ್ರಿಯೊಳಗೆ ಹೊಂದಬೇಕು.

ತಾಮ್ರ ಬಂದಿದೆಯೇ ಎಂಬ ಅನುಮಾನ ಇದ್ದರೆ ಬಸವನಹುಳುಗಳನ್ನು ನೋಡಿ. ಗಾಜು ಹಿಡಿಯಲಾಗದೆ ಕೆಳಗೆ ಬಿದ್ದು, ಮಗುಚಿ ಹಾಕಿದರೂ ಏಳದಿದ್ದರೆ ಕಿಟ್‌ನ ಉತ್ತರಕ್ಕೆ ಕಾಯಬೇಡಿ. ಹೊಸ ಕಾರ್ಬನ್, ತಾಮ್ರ ಹೀರುವ ರೆಸಿನ್ ಹಾಕಿ, ಬೇರೆ ಮೂಲದ ನೀರಿನಿಂದ ಬದಲಾಯಿಸಲು ಶುರುಮಾಡಿ.

"ಸಮುದ್ರ ಇಲ್ಲೇ ಉಂಟಲ್ಲ"

ಉಳ್ಳಾಲ, ಸುರತ್ಕಲ್, ಮಲ್ಪೆ, ಕಾಪು, ಎಲ್ಲಿಂದ ನೋಡಿದರೂ ಸಮುದ್ರ ಕಣ್ಣೆದುರೇ. ಉಪ್ಪಿಗೆ ದುಡ್ಡು ಏಕೆ? ನ್ಯಾಯವಾದ ಪ್ರಶ್ನೆ. ಒಳ್ಳೆಯ ಸಮುದ್ರದ ನೀರು ಸಿಕ್ಕಿದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಿಗುವುದು ಯಾವಾಗ, ಎಲ್ಲಿ ಎನ್ನುವುದೇ ವಿಷಯ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ನೇತ್ರಾವತಿ, ಗುರುಪುರ, ಸ್ವರ್ಣಾ, ಸೀತಾ ನದಿಗಳು ಮಳೆ ನೀರನ್ನೆಲ್ಲ ತಂದು ಸುರಿಯುವ ಕಾಲ. ತೀರದ ಉಪ್ಪಿನಂಶ ಕುಸಿಯುತ್ತದೆ, ಕೆಸರು ತುಂಬಿರುತ್ತದೆ. ಅದೇ ತಿಂಗಳುಗಳಲ್ಲಿ ನಮ್ಮ ತೀರದುದ್ದಕ್ಕೂ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಮೀನುಗಾರಿಕೆಗೆ ಅದು ವರ, ನಿಮ್ಮ ಟ್ಯಾಂಕ್‌ಗೆ ನೈಟ್ರೇಟ್ ಮತ್ತು ಫಾಸ್ಫೇಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ದೂರದ ತಿಳಿ ನೀರು ತರಿಸಲೂ ಆಗದು.

ಮಳೆ ಮುಗಿದರೆ ಎಲ್ಲ ಸರಿ ಎಂದೂ ತಿಳಿಯಬೇಡಿ. ಚಳಿಗಾಲದಲ್ಲಿ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ದಕ್ಷಿಣದಿಂದ ಸುತ್ತಿ ಬಂದು ನಮ್ಮ ತೀರದುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಜನವರಿಯ ತಿಳಿ ನೀರೂ 35ಕ್ಕಿಂತ ಕಡಿಮೆ ಇರಬಹುದು. ಅಳೆದು, ಬೇಕಾದಷ್ಟು ರೀಫ್ ಉಪ್ಪು ಸೇರಿಸಿಕೊಂಡರೆ ಆಯಿತು. ಕೆಲವು ರಾತ್ರಿ ಅಲೆ ನೀಲಿಯಾಗಿ ಮಿನುಗುತ್ತದೆ, ಹಗಲು ನೀರು ಹಸಿರಾಗಿಯೋ ಕೆಂಪಾಗಿಯೋ ಕಾಣುತ್ತದೆ. ನಾಕ್ಟಿಲ್ಯೂಕಾದಂಥ ಸೂಕ್ಷ್ಮಜೀವಿ ಹೆಚ್ಚಿದ ಲಕ್ಷಣ ಅದು. ಅದರ ಮೈಯಲ್ಲಿ ಅಮೋನಿಯಾ ತುಂಬಿರುತ್ತದೆ. ಆ ವಾರ ನೀರು ತರಬೇಡಿ.

ಅಳಿವೆ, ಬಂದರು, ಮೀನು ಇಳಿಸುವ ದಕ್ಕೆ ಇವುಗಳಿಂದ ದೂರ ಇರಿ. ಭರತ ಏರುತ್ತಿರುವಾಗ, ಸಾಧ್ಯವಾದರೆ ದೋಣಿಯವರ ಹತ್ತಿರ ಹೇಳಿ ತೀರದಿಂದ ಆಚೆಯ ನೀರು ತರಿಸಿ. ಡೀಸೆಲ್ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ಬೇಡ. ತಂದ ನೀರನ್ನು ದಪ್ಪ ಬಟ್ಟೆ, ಆಮೇಲೆ 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಚ್ಚಿ ಕತ್ತಲಲ್ಲಿ ಎರಡು ವಾರ ಇಡಿ. ತಳದ ಗಸಿ ಬಿಟ್ಟು ಮೇಲಿನದನ್ನು ಬಳಸಿ. ನೀರಿನ ಜೊತೆ ಹವಳ ಕಿತ್ತು ತರುವ ಯೋಚನೆಯೇ ಬೇಡ. ಗಟ್ಟಿ ಹವಳ, ಸಮುದ್ರ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ಕಡಲಕುದುರೆಯೂ ಹಾಗೆಯೇ.

ಉಪ್ಪಿನಂಶ ತಾನಾಗಿ ಏರುತ್ತದೆ, ಇಳಿಯುತ್ತದೆ

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಹೋಗುವುದಿಲ್ಲ. ಕಡಿಮೆಯಾದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿ ಅದನ್ನೇ ನೀರು ಬದಲಾವಣೆ ಎಂದುಕೊಂಡರೆ ಉಪ್ಪಿನಂಶ ಏರುತ್ತಲೇ ಹೋಗುತ್ತದೆ. ಆವಿಗೆ ಸಿಹಿ ನೀರು, ಬದಲಾವಣೆಗೆ ಉಪ್ಪುನೀರು. ಮಾರ್ಚ್‌ನಿಂದ ಮೇವರೆಗೆ ಟ್ಯಾಂಕ್ ಮೇಲೆ ಫ್ಯಾನ್ ಓಡಿದರೆ ದಿನಕ್ಕೆ ಕೆಲವು ಲೀಟರ್ ಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆವಿ ಕಡಿಮೆ, ಫ್ಯಾನ್‌ನ ತಂಪೂ ಕಡಿಮೆ.

ಉಪ್ಪಿನಂಶ ಇಳಿಯುತ್ತಿದ್ದರೆ ಸ್ಕಿಮ್ಮರ್ ಕಪ್ ನೋಡಿ. ತೆಳು ಚಹಾದ ಬಣ್ಣದ ನೀರು ದಿನಾ ತುಂಬುತ್ತಿದ್ದರೆ ಉಪ್ಪುನೀರು ಹೊರಹೋಗಿ, ಆಟೋ ಟಾಪ್ ಆಫ್ (ಮಟ್ಟ ಇಳಿದಾಗ ತಾನಾಗಿ ನೀರು ತುಂಬುವ ಸಾಧನ) ಸಿಹಿ ನೀರು ತುಂಬುತ್ತಿದೆ ಎಂದರ್ಥ. ಇನ್ನೊಂದು ಸಾಮಾನ್ಯ ಕಾರಣ: ನೀರು ತೆಗೆಯುವಾಗ ಆಟೋ ಟಾಪ್ ಆಫ್ ಸ್ವಿಚ್ ಆರಿಸದಿರುವುದು. ಮಟ್ಟ ಇಳಿದಿದ್ದನ್ನು ಕಂಡು ಅದು ಸಿಹಿ ನೀರು ಸುರಿಯುತ್ತದೆ. ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ. ಸರಿಪಡಿಸುವಾಗ ದಿನಕ್ಕೆ 1 ಪಿಪಿಟಿಗಿಂತ ಜಾಸ್ತಿ ಬದಲಿಸಬೇಡಿ.

ನೀರು ಬದಲಿಸಿದಷ್ಟೂ ಜಾಸ್ತಿಯಾಗುವ ಕಂದು ಲೋಳೆ

ಕಲ್ಲು, ಮರಳಿನ ಮೇಲೆ ಕಂದು ಬಣ್ಣದ ಮೂಗಿನ ಲೋಳೆಯಂಥ ಎಳೆಗಳು, ಅವುಗಳ ತುದಿಯಲ್ಲಿ ಗುಳ್ಳೆಗಳು. ರಾತ್ರಿ ಕಡಿಮೆ, ಲೈಟ್ ಹಾಕಿದ ಮೇಲೆ ಮತ್ತೆ ದಪ್ಪ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಇದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ನೀರು ಅತಿ ಸ್ವಚ್ಛವಾದಾಗ, ಎದುರಾಳಿಗಳು ಹಸಿವಿನಿಂದ ಸತ್ತಾಗ ಇದು ಹರಡುತ್ತದೆ.

ಖಾತ್ರಿ ಮಾಡಿಕೊಳ್ಳಲು ಲೋಳೆಯನ್ನು ಸ್ವಲ್ಪ ಟ್ಯಾಂಕ್ ನೀರಿನ ಜೊತೆ ಸಣ್ಣ ಬಾಟಲಿಗೆ ಎಳೆದುಕೊಳ್ಳಿ. ಎಳೆಗಳು ಕಾಣದಂತೆ ಜೋರಾಗಿ ಅಲ್ಲಾಡಿಸಿ. ಟಿಶ್ಯೂ ಕಾಗದದಲ್ಲಿ ಸೋಸಿ, ಕೆಳಗೆ ಬಂದ ನೀರನ್ನು ಗಾಜಿನ ಲೋಟದಲ್ಲಿ ಬೆಳಕಿನ ಕೆಳಗೆ ಒಂದು ಗಂಟೆ ಇಡಿ. ತಿಳಿಯಾಗಿದ್ದ ನೀರಿನಲ್ಲಿ ಎಳೆಗಳು ಮತ್ತೆ ಒಟ್ಟುಗೂಡಿ ಮುದ್ದೆಯಾದರೆ ಅದು ಡೈನೋ. ಡಯಾಟಮ್ ಹೀಗೆ ಕೂಡುವುದಿಲ್ಲ. ಅದು ಧೂಳಿನ ಹಾಗೆ, ಬೆರಳಾಡಿಸಿದರೆ ಹೋಗುತ್ತದೆ. ಕೆಂಪು ಹಾಳೆಯಂತೆ ಎದ್ದು ಬರುವುದು ಸಯನೋಬ್ಯಾಕ್ಟೀರಿಯಾ.

ಡೈನೋ ಆಗಿದ್ದರೆ ನೀರು ಬದಲಿಸುವುದನ್ನು ನಿಲ್ಲಿಸಿ. ಫಾಸ್ಫೇಟ್ ಹೀರುವ ಹರಳು ತೆಗೆಯಿರಿ. ಮೀನಿಗೆ ಹಾಕುವ ಊಟ ಜಾಸ್ತಿ ಮಾಡಿ, ನೈಟ್ರೇಟ್ 5, ಫಾಸ್ಫೇಟ್ 0.05ರ ಆಸುಪಾಸು ಬರುವವರೆಗೆ ಕಾಯಿರಿ. ಲೋಳೆಯನ್ನು ಪೈಪಿನಲ್ಲಿ ಎಳೆದು, ದಟ್ಟ ಫಿಲ್ಟರ್ ಸಾಕ್ಸ್‌ನಲ್ಲಿ ಸೋಸಿ ಅದೇ ನೀರನ್ನು ವಾಪಸ್ ಹಾಕಬಹುದು. ಸುಮ್ನೆ ಹೊಸ ನೀರು ಹಾಕುತ್ತಾ ಹೋದರೆ ಅದಕ್ಕೆ ನೀವೇ ಅನ್ನ ಹಾಕಿದಂತೆ.

ದೊಡ್ಡ ಬದಲಾವಣೆ ಬೇಕಾಗುವ ಹೊತ್ತು

ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಮೊದಲು ಬೇಕಾದದ್ದು ನೀರಿನ ಓಡಾಟ. ಬ್ಯಾಟರಿ ಏರ್ ಪಂಪ್ ಹಾಕಿ, ಇನ್ವರ್ಟರ್ ಇದ್ದರೆ ಒಂದು ವೇವ್‌ಮೇಕರ್ (ನೀರು ಆಡಿಸುವ ಪಂಪ್) ಮಾತ್ರ ಅದಕ್ಕೆ ಜೋಡಿಸಿ, ಊಟ ಹಾಕಬೇಡಿ. ಕರೆಂಟ್ ಬಂದ ಮೇಲೆ ಅಮೋನಿಯಾ ಅಳೆಯಿರಿ. ಬಣ್ಣ ಬಂದರೆ ಅಂದೇ ಶೇ. 30 ಬದಲಿಸಿ, ಮಾರನೇ ದಿನ ಮತ್ತೆ ಅಳೆದು ಬೇಕಿದ್ದರೆ ಇನ್ನೊಮ್ಮೆ. ಇಲ್ಲಿ ನಿಧಾನ ಬೇಡ. ಅದಕ್ಕಾಗಿ ಜೂನ್‌ಗೆ ಮೊದಲೇ 60–80 ಲೀಟರ್ ಆರ್‌ಓ–ಡಿಐ ನೀರು ಡ್ರಮ್ಮಿನಲ್ಲಿ ಮುಚ್ಚಿಡಿ, ಅಷ್ಟಕ್ಕೆ ಬೇಕಾದ ಉಪ್ಪನ್ನು ತೂಗಿ ಪಕ್ಕದಲ್ಲೇ ಇಡಿ. ಲೀಟರಿಗೆ 35ರಿಂದ 38 ಗ್ರಾಂ ಬೇಕಾಗುತ್ತದೆ, ಬ್ರ್ಯಾಂಡ್ ನೋಡಿಕೊಳ್ಳಿ.

ಇನ್ನು ನಿಮ್ಮ ಟ್ಯಾಂಕ್‌ಗೆ ಎಷ್ಟು ದಿನ?

ಶೇ. 10, ವಾರಕ್ಕೊಮ್ಮೆ. ಹೀಗೆ ಶುರುಮಾಡಿ ಎರಡು ತಿಂಗಳು ಅಳತೆಗಳನ್ನು ಬರೆದಿಡಿ. ನೈಟ್ರೇಟ್ 10ರ ಕೆಳಗೆ ನಿಂತು, ಆಲ್ಕಲಿನಿಟಿಯನ್ನು ಡೋಸಿಂಗ್ ಹಿಡಿದಿಟ್ಟಿದ್ದರೆ ಹತ್ತು ದಿನಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಮಾಡಿ ನೋಡಿ. ಮೆತ್ತನೆಯ ಹವಳ ಮತ್ತು ಎರಡು ಮೂರು ಸಣ್ಣ ಮೀನುಗಳಿದ್ದರೆ ಹದಿನೈದು ದಿನಕ್ಕೆ ಶೇ. 10–15 ಸಾಕಾಗುತ್ತದೆ. ಮೀನು ಮಾತ್ರ ಇದ್ದರೆ ತಿಂಗಳಿಗೆ ಶೇ. 20–25. ಗಟ್ಟಿ ಹವಳ ತುಂಬಿದ್ದರೆ ವಾರದ ಲೆಕ್ಕ ಬಿಡಬೇಡಿ, ಡೋಸಿಂಗ್ ಕೊಡದ ಸೂಕ್ಷ್ಮ ಧಾತುಗಳು ಹೊಸ ನೀರಿನಲ್ಲೇ ಬರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ನಲ್ಲಿ ನೀರಿಗೆ ರೇಷನಿಂಗ್ ಬಂದ ವರ್ಷ, ಆರ್‌ಓ ಒಂದು ಲೀಟರಿಗೆ ಮೂರು ಲೀಟರ್ ಚೆಲ್ಲುವುದನ್ನು ನೋಡಲಾಗದು. ಆಗ ಊಟ ಕಡಿಮೆ ಮಾಡಿ, ಅಂತರ ಹೆಚ್ಚಿಸಿ, ಚೆಲ್ಲುವ ನೀರನ್ನು ಬಟ್ಟೆ ಒಗೆಯಲು, ಅಂಗಳ ತೊಳೆಯಲು ಹಿಡಿದಿಡಿ.

ತೆಗೆದ ಉಪ್ಪುನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ, ಮುರಕಲ್ಲು ಅದನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ಮಲ್ಲಿಗೆ ಗಿಡದ ಬುಡಕ್ಕೂ ಬೇಡ. ಬಚ್ಚಲಿನ ಚರಂಡಿಗೆ ಬಿಡಿ. ಹೊಳೆ, ಸಮುದ್ರಕ್ಕೆ ಸುರಿಯಬೇಡಿ. ಹೊರದೇಶದ ಪಾಚಿ, ಹುಳು, ರೋಗಾಣು ಅದರಲ್ಲಿದ್ದರೆ ನಮ್ಮ ತೀರದ ಜೀವಿಗಳಿಗೆ ಅಂಟುತ್ತದೆ.